ಮೂವರಲ್ಲಿ ಒಬ್ಬರು



ಮಲೆನಾಡಿನಲ್ಲಿ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದುಕೊಡುತ್ತಿದ್ದರು. ಉತ್ತು, ಬಿತ್ತಿ, ಕಣಕ್ಕೆ ತಂದವನು ಗೇಣಿದಾರ. ಅಳೆಯುವ ಕೊಳಗ ಮಾತ್ರ ಒಡೆಯರದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆ ಕೊಳಗವೇ ಇರಬೇಕಾದುದಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಒಂದೊಂದು ಅಳತೆಯಲ್ಲೂ ಹೆಚ್ಚಾಗಿ ಹೋಗುವ ಆ ಭತ್ತ ಮಳೆಗಾಲದಲ್ಲಿ ಮಕ್ಕಳ ಗಂಜಿಯಾಗಬೇಕಾದದ್ದು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದ ರೈತ ಸಂಘ ಇದನ್ನು ಪ್ರಶ್ನಿಸಿತು. ಉಳುಮೆ ನಿಲ್ಲಿಸಿ ಎಂದರೂ ಕೇಳದೆ ಜನ ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು, ಸಾಲುಗಟ್ಟಿ ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಈ ಹೋರಾಟವನ್ನು ಸಮಾಜವಾದಿ ಪಕ್ಷದ ಹೋರಾಟವಾಗಿ ಹೆಗಲಿಗೇರಿಸಿಕೊಂಡವರು ತೀರ್ಥಹಳ್ಳಿ ಕಡೆಯ ಆರಗದ ಯುವಕ, ಶಾಂತವೇರಿ ಗೋಪಾಲಗೌಡರು.

ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆ. ಗೌಡರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಒಂದು ವೋಟು, ಒಂದು ನೋಟು ಕೊಡಿ ಎಂದು ಮನೆಮನೆಗೆ ಹೋದರು. ಆ ಕಾಲದ ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಮೇಲೆ ಅವರವರ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಆಲದ ಮರ. ಪರದೆಯ ಹಿಂದೆ ನಿಂತ ಒಬ್ಬ ಗೇಣಿದಾರನನ್ನು ನೆನೆಯಿರಿ. ಒಡೆಯರ ಎದುರು ತಲೆ ಎತ್ತಿ ಮಾತಾಡಿ ಗೊತ್ತಿಲ್ಲದವನು. ಅಲ್ಲಿ ಒಡೆಯರಿಲ್ಲ, ಅವರ ಕಡೆಯವರೂ ಇಲ್ಲ. ಚೀಟಿಯನ್ನು ಆಲದ ಮರದ ಪೆಟ್ಟಿಗೆಗೆ ಹಾಕಿ ಹೊರಗೆ ಬಂದ. ಸಾಗರ–ಹೊಸನಗರ ಭಾಗದಿಂದ ಗೋಪಾಲಗೌಡರು ಗೆದ್ದರು.

ಆಗ ವಿಧಾನಸೌಧ ಇರಲಿಲ್ಲ. ಇಂದು ಹೈಕೋರ್ಟ್ ಇರುವ ಅಠಾರ ಕಚೇರಿಯಲ್ಲಿ 1952ರ ಜೂನ್‌ನಲ್ಲಿ ಮೈಸೂರು ವಿಧಾನಸಭೆ ಮೊದಲ ಸಲ ಸೇರಿತು. ಒಟ್ಟು 99 ಸ್ಥಾನ. ಕಾಂಗ್ರೆಸ್ 74, ಸೋಷಲಿಸ್ಟರು 3. ಮೂರೇ ಜನ! ಕೈ ಎತ್ತುವ ಲೆಕ್ಕದಲ್ಲಿ ಯಾವ ಮಸೂದೆಯನ್ನೂ ತರಲಾರರು, ಯಾವುದನ್ನೂ ತಡೆಯಲಾರರು. ಹಾಗಾದರೆ ಅಂಥ ಶಾಸಕನಿಗೆ ಅಲ್ಲೇನು ಕೆಲಸ? ಪ್ರಶ್ನೆ ಕೇಳುವುದು. ಬಜೆಟ್ಟಿನ ಚರ್ಚೆಯಲ್ಲಿ ಎದ್ದು ನಿಲ್ಲುವುದು. ಗೇಣಿದಾರನ ಕಷ್ಟವನ್ನು ಅವನ ಮಾತಿನಲ್ಲೇ, ಕನ್ನಡದಲ್ಲೇ, ಮಂತ್ರಿಗಳು ಉತ್ತರ ಕೊಡಲೇಬೇಕಾದ ಜಾಗದಲ್ಲಿ ಹೇಳುವುದು. ಶಾಸಕ ಎಂಬ ಹುದ್ದೆಯ ಜೀವ ಇರುವುದೇ ಇಲ್ಲಿ ಎಂದು ನಾನು ನಂಬಿದ್ದೇನೆ. ನಾವೋ ನಮ್ಮ ಶಾಸಕರನ್ನು ಮದುವೆಗೆ ಬಂದರೇ, ವರ್ಗಾವಣೆಗೆ ಶಿಫಾರಸು ಪತ್ರ ಕೊಟ್ಟರೇ, ಚರಂಡಿಗೆ ಹಣ ತಂದರೇ ಎಂದು ಅಳೆಯುತ್ತೇವೆ. ಹೋದ ಅಧಿವೇಶನದಲ್ಲಿ ಏನು ಕೇಳಿದಿರಿ ಸ್ವಾಮಿ ಎಂದು ವಿಚಾರಿಸುವವರು ಅಪರೂಪ.

1957ರಲ್ಲಿ ಗೌಡರು ಸೋತರು. ಐದು ವರ್ಷ ಸದನದ ಹೊರಗೆ. ಆಳುವ ಪಕ್ಷಕ್ಕೆ ದಾಟಿದ್ದರೆ ದಾರಿ ಸಲೀಸಾಗುತ್ತಿತ್ತು, ದಾಟಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು, 1967ರಲ್ಲಿ ಇನ್ನೊಮ್ಮೆ. ಒಮ್ಮೆಯೂ ಮಂತ್ರಿಯಾಗಲಿಲ್ಲ. ಶಾಸಕರಿಗೆ ನಿವೇಶನ ಹಂಚುವ ಮಾತು ಬಂದಾಗ ತಮಗೆ ಬೇಡವೆಂದರು ಎಂಬುದನ್ನು ಅವರನ್ನು ಬಲ್ಲ ಹಿರಿಯರು ಈಗಲೂ ಹೇಳುತ್ತಾರೆ. ಬಾಡಿಗೆ ಮನೆ, ಪುಸ್ತಕ, ಹಿಂದೂಸ್ತಾನಿ ಸಂಗೀತದ ಹುಚ್ಚು, ಮಗನಿಗೆ ರಾಮಮನೋಹರ ಎಂಬ ಹೆಸರು. ಸಿಟ್ಟೂ ಇತ್ತು, ಬೇಕಾದಷ್ಟು. ಅವರ ಬದುಕಿನ ನೆರಳು ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಮೇಲೂ ಬಿದ್ದಿದೆ.

ಕೊನೆಯ ದಿನಗಳಲ್ಲಿ ಆರೋಗ್ಯ ಕೈಕೊಟ್ಟಿತು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಐವತ್ತು ಕೂಡ ಆಗಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಿ ಎಂದು ಪಟ್ಟು ಹಿಡಿದಿದ್ದವರು, 1973ರ ನವೆಂಬರ್ ಒಂದನ್ನು ನೋಡಲಿಲ್ಲ. ಅದರ ಮರುವರ್ಷ ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಫಾರಂ ನಂಬರ್ 7 ಎಂಬ ಅರ್ಜಿಯನ್ನು ಹಿಡಿದು ಗೇಣಿದಾರರು ತಾಲ್ಲೂಕು ಕಚೇರಿಗಳ ಮುಂದೆ ಸಾಲು ನಿಂತರು. ಓದು ಬರದವರು ಹೆಬ್ಬೆಟ್ಟು ಒತ್ತಿದರು. ಅರಸು ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅದರ ಜೊತೆಗೆ, ಉಳುವವನಿಗೆ ಭೂಮಿ ಎಂಬ ಮಾತನ್ನು ಯಾರೂ ಕಿವಿಗೊಡದ ಕಾಲದಲ್ಲಿ ಸದನದ ಕಡತಕ್ಕೆ ಏರಿಸಿದ ಈ ವಿರೋಧ ಪಕ್ಷದ ಶಾಸಕನ ಹೆಸರನ್ನೂ ನಮ್ಮ ಮಕ್ಕಳು ಶಾಲೆಯಲ್ಲಿ ಓದಲಿ ಎಂಬುದು ನನ್ನ ಆಸೆ.