ಸೌದೆ ತೋಪು ಯಾರ ಹೆಸರಿಗೆ?

(ಗುಬ್ಬಿ, ಕುಣಿಗಲ್ ಕಡೆಯ ರೈತರ ಮುಂದೆ ಆಡಿದ ಮಾತು)



ಸೌದೆ ತೋಪು ಊರಿನದಾಗಬೇಕೋ, ಮನೆಮನೆಯದಾಗಬೇಕೋ ಅಂತ ಕೇಳ್ತೀರಿ. ಗ್ಯಾಸ್ ಬಂದಿದೆ, ನಿಜ. ಸಿಲಿಂಡರ್ ಮುಗಿದ ದಿನ ಒಲೆಗೆ, ದಿನಾ ಸ್ನಾನದ ಹಂಡೆಗೆ ಬೇಕಾದ್ದು ಸೌದೆಯೇ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿ ಒಲೆಗೆ ಸೌದೆ ಅಂದರು. ಹೊಲಹೊಲದಲ್ಲಿ ಎದ್ದದ್ದು ನೀಲಗಿರಿ. ಅದು ಲಾರಿ ಹತ್ತಿ ತುಮಕೂರು ದಾಟಿ ಕಾರ್ಖಾನೆಗೆ ಹೋಯಿತು. ನೆಟ್ಟ ರೈತನನ್ನು ಬೈದು ಫಲವಿಲ್ಲ. ರಾಗಿಯ ಬೆಲೆ ಕೂಲಿಗೂ ಸಾಲದಿದ್ದಾಗ ಸಾಲ ಹೊತ್ತವನು ಇನ್ನೇನು ಮಾಡ್ತಾನೆ? ಆದರೆ ಕಳೆ ಕೀಳುವ ಹೆಣ್ಣಾಳಿನ ಕೂಲಿ ಹೋಯಿತು, ದನಕ್ಕೆ ಹುಲ್ಲೂ ಹೋಯಿತು. ನೀಲಗಿರಿ ಸೊಪ್ಪನ್ನು ಮೇಕೆಯೂ ಮೂಸಲ್ಲ! 1983ರ ಆಗಸ್ಟಿನಲ್ಲೇ ನಮ್ಮ ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದರು. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಹಾಗಾದರೆ ಎಲ್ಲಾ ಸಾರ್ವಜನಿಕ ಆಗಲಿ ಅನ್ನೋಣವೇ? ನಿಧಾನ. ಸಾರ್ವಜನಿಕ ಜಮೀನನ್ನೇ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಒಪ್ಪಿಸಿತ್ತು. 1987ರ ನವೆಂಬರಿನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಬೇಕಾಯಿತು. ಸರ್ಕಾರದ್ದು ಬೇರೆ, ಊರಿನದು ಬೇರೆ.

ಇನ್ನು ನಮ್ಮ ಗುಂಡುತೋಪು. ನೆರಳು ಎಲ್ಲರದು, ಸಸಿಗೆ ನೀರು ಹೊಯ್ಯೋರು ಯಾರು ಅಂದರೆ ಪಕ್ಕದವನ ಮುಖ ನೋಡ್ತೀವಿ. ಅದಕ್ಕೇ ಹೇಳೋದು, ಗೋಮಾಳದ ನೆಲ ಊರಿನದೇ ಇರಲಿ, ಯಾರ ಪಹಣಿಗೂ ಏರುವುದು ಬೇಡ. ಅಲ್ಲಿನ ಹೊಂಗೆ, ಜಾಲಿ ಕಾಯುವ ಕೆಲಸ, ಪುಳ್ಳೆ ಆಯುವ ಹಕ್ಕು ಎರಡನ್ನೂ ಭೂಮಿಯಿಲ್ಲದ ಮನೆಗಳಿಗೆ ಗ್ರಾಮಸಭೆಯಲ್ಲಿ ಬರೆದು ಕೊಡಿ. ಹೊಲವಿದ್ದವರು ತಮ್ಮ ಬದುವಿನ ಮೇಲೆ ನೆಟ್ಟುಕೊಳ್ಳಲಿ. ಆ ಸಭೆಗೆ ತಾಯಂದಿರು ತಪ್ಪದೆ ಬನ್ನಿ. ಸೌದೆ ಹೊರೆ ಹೊರೋರು ನೀವು.