ಮನೆಯ ಕಂಪ್ಯೂಟರಿನಲ್ಲಿ ನಾಣ್ಯದ ಗಣಿ

ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ಬೇಡಿಕೆ ಹುಟ್ಟಿಕೊಂಡಿದೆ. “ಅಪ್ಪಾ, ಒಂದು ನಲವತ್ತೈದು ಸಾವಿರ ರೂಪಾಯಿ ಕೊಡಿ. ಬಿಡಿಭಾಗಗಳನ್ನು ತಂದು ನಾನೇ ಕಂಪ್ಯೂಟರ್ ಜೋಡಿಸುತ್ತೇನೆ. ಓದಿಗೂ ಆಯಿತು; ಉಳಿದ ಹೊತ್ತಿನಲ್ಲಿ ಅದು ಕ್ರಿಪ್ಟೋ ನಾಣ್ಯವನ್ನು ಗಣಿ ತೆಗೆದು ತನ್ನ ಬೆಲೆಯನ್ನು ತಾನೇ ತೀರಿಸಿಕೊಳ್ಳುತ್ತದೆ” ಎಂದು ಮಗ ಕೇಳುತ್ತಾನೆ. ಕೆಲವರು ತಂದೆಯರು ಮಗನ ಜಾಣತನಕ್ಕೆ ಹಿಗ್ಗಿ, ಭವಿಷ್ಯನಿಧಿಯಿಂದ ತೆಗೆದೋ, ಮನೆಯಾಕೆಯ ಬಳೆ ಅಡವಿಟ್ಟೋ ಹಣ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು “ಇದೆಲ್ಲ ಜೂಜು” ಎಂದು ಗದರಿಸಿ ಬಾಯಿ ಮುಚ್ಚಿಸುತ್ತಾರೆ. ಎರಡೂ ಸರಿಯಲ್ಲವೆಂದು ನನ್ನ ಎಣಿಕೆ. ಒಂದು ಹಾಳೆ, ಒಂದು ಪೆನ್ಸಿಲು, ಮನೆಯ ವಿದ್ಯುತ್ ಬಿಲ್ಲು, ಇಷ್ಟನ್ನು ಮುಂದಿಟ್ಟುಕೊಂಡು ತಂದೆ ಮಗ ಇಬ್ಬರೂ ಲೆಕ್ಕ ಹಾಕಬೇಕು. ಆ ಲೆಕ್ಕ ಹೇಗೆ ಎಂಬುದೇ ಈ ಮಾತುಗಳ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನ್ನನ್ನು ಇದಕ್ಕೆ ಎಳೆದುತಂದದ್ದು ಒಂದು ಶಬ್ದ. ‘ಗಣಿ’ ಎಂಬುದು ಸಂಸ್ಕೃತದ ‘ಖನಿ’ಯ ತದ್ಭವ, ನೆಲವನ್ನು ಅಗೆಯುವುದು ಅದರ ಅರ್ಥ. ‘ಗಣಿತ’, ‘ಗಣನೆ’ ಎಂಬವು ಬೇರೆ ಧಾತುವಿನಿಂದ ಬಂದವು. ಎಣಿಸುವುದು ಅವುಗಳ ಅರ್ಥ. ಕ್ರಿಪ್ಟೋ ನಾಣ್ಯದವರು ತಮ್ಮ ಕೆಲಸವನ್ನು ಗಣಿಗಾರಿಕೆ ಎನ್ನುತ್ತಾರೆ. ಆದರೆ ಅಲ್ಲಿ ಅಗೆಯುವುದು ಏನೂ ಇಲ್ಲ; ಇರುವುದೆಲ್ಲ ಗಣನೆಯೇ. ಈ ಭೇದವನ್ನು ಮರೆತವರೇ ನೆಲದೊಳಗೆ ಹೊನ್ನು ಕಾದು ಕುಳಿತಿದೆಯೆಂದು ಭ್ರಮಿಸುವುದು.

ಹಾಗಾದರೆ ಕಂಪ್ಯೂಟರ್ ಏನನ್ನು ಗಣಿಸುತ್ತದೆ? ಬಿಟ್‌ಕಾಯಿನ್ ಎಂಬುದು ಯಾವ ಸರ್ಕಾರವೂ ಅಚ್ಚುಹಾಕದ ನಾಣ್ಯ. ಸತೋಶಿ ನಕಮೊಟೊ ಎಂಬ ಗುಪ್ತನಾಮದವರು ೨೦೦೮ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ೨೦೦೯ರ ಜನವರಿಯಲ್ಲಿ ಅದು ಚಾಲನೆಗೆ ಬಂದಿತು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಖಾತೆಪುಸ್ತಕವೊಂದುಂಟು. ಅದು ಒಂದು ಬ್ಯಾಂಕಿನಲ್ಲಿಲ್ಲ. ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿಗಳಿವೆ. ಆ ಪುಸ್ತಕದ ಒಂದೊಂದು ಪುಟಕ್ಕೆ ಬ್ಲಾಕ್ ಎಂದು ಹೆಸರು. ಹೊಸ ಪುಟವನ್ನು ಸೇರಿಸುವ ಹಕ್ಕು ಯಾರಿಗೆ? ಆ ಪುಟದ ಬರಹದ ಜೊತೆಗೆ ಒಂದು ಅಂಕಿಯನ್ನು ಸೇರಿಸಿ, ಗೊತ್ತಾದ ಸೂತ್ರದಲ್ಲಿ ಹಾಕಿದಾಗ, ಬರುವ ಉತ್ತರವು ನಿಗದಿಯಾದ ಮಿತಿಗಿಂತ ಕಡಿಮೆ ಇರಬೇಕು. ಅಂಥ ಅಂಕಿಯನ್ನು ಮೊದಲು ಕಂಡುಹಿಡಿದವರಿಗೆ ಹಕ್ಕು. ಹಕ್ಕಿನ ಜೊತೆಗೆ ಹೊಸ ನಾಣ್ಯಗಳ ಬಹುಮಾನ. ಆ ಅಂಕಿಯನ್ನು ಬುದ್ಧಿಯಿಂದ ಊಹಿಸಲು ಬರುವುದಿಲ್ಲ. ಒಂದಾದಮೇಲೊಂದು ಹಾಕಿ ನೋಡುತ್ತಿರಬೇಕು, ಅಷ್ಟೆ. ಪಗಡೆಯ ದಾಳವನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಾರು ಹೆಚ್ಚು ಸಲ ಉರುಳಿಸುತ್ತಾರೋ ಅವರಿಗೆ ಗರ ಬೀಳುವ ಸಂಭವ ಹೆಚ್ಚು.

ಇಲ್ಲಿ ಒಂದು ಮುಖ್ಯವಾದ ಕಟ್ಟಳೆಯನ್ನು ಗಮನಿಸಬೇಕು. ಸುಮಾರು ಹತ್ತು ನಿಮಿಷಕ್ಕೆ ಒಂದೇ ಪುಟ ಸೇರಬೇಕೆಂದು ನಿಯಮ. ಆಟಗಾರರು ಹೆಚ್ಚಿ ಪುಟಗಳು ಬೇಗ ಬೇಗ ಸೇರತೊಡಗಿದರೆ, ಪ್ರತಿ ೨,೦೧೬ ಪುಟಗಳಿಗೊಮ್ಮೆ, ಎಂದರೆ ಸರಿಸುಮಾರು ಹದಿನೈದು ದಿನಕ್ಕೊಮ್ಮೆ, ಮಿತಿ ಬಿಗಿಯಾಗುತ್ತದೆ. ಕಂಪ್ಯೂಟರುಗಳು ಎಷ್ಟು ಹೆಚ್ಚಿದರೂ ನಾಣ್ಯ ಹೆಚ್ಚುವುದಿಲ್ಲ. ಪಾಯಸದ ಕೊಳಗ ಅಷ್ಟೇ ಇದ್ದು ಪಂಕ್ತಿ ಮಾತ್ರ ಬೆಳೆಯುತ್ತ ಹೋದರೆ ಎಲೆಗೆ ಬೀಳುವುದು ಎಷ್ಟು? ಅದೂ ಸಾಲದೆ ಕೊಳಗವೇ ಕಿರಿದಾಗುತ್ತ ಬಂದಿದೆ. ಮೊದಲು ಪುಟವೊಂದಕ್ಕೆ ೫೦ ಬಿಟ್‌ಕಾಯಿನ್ ಬಹುಮಾನವಿತ್ತು. ೨೦೧೨ರಲ್ಲಿ ೨೫, ೨೦೧೬ರಲ್ಲಿ ೧೨.೫, ೨೦೨೦ರಲ್ಲಿ ೬.೨೫, ೨೦೨೪ರ ಏಪ್ರಿಲಿನಿಂದ ೩.೧೨೫ ಎಂದು ಅರ್ಧರ್ಧಕ್ಕೆ ಇಳಿಯಿತು.

ಪಂಕ್ತಿ ಹೇಗೆ ಬೆಳೆಯಿತೆಂಬುದನ್ನೂ ನೋಡೋಣ. ೨೦೦೯ರಲ್ಲಿ ಮನೆಯ ಸಾಧಾರಣ ಕಂಪ್ಯೂಟರೇ ಸಾಕಾಗಿತ್ತು. ೨೦೧೦ರಲ್ಲಿ ಆಟಗಳ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳನ್ನು ಈ ಕೆಲಸಕ್ಕೆ ಹೂಡಿದರು. ೨೦೧೩ರಿಂದ ಇದೊಂದೇ ಕೆಲಸಕ್ಕೆಂದು ಮಾಡಿದ ಯಂತ್ರಗಳು ಬಂದವು. ಈಚಿನ ಅಂಥ ಒಂದು ಯಂತ್ರ, ಆಂಟ್‌ಮೈನರ್ ಎಸ್ ೨೧, ಸೆಕೆಂಡಿಗೆ ಇನ್ನೂರು ಲಕ್ಷ ಕೋಟಿ ಸಲ ದಾಳ ಉರುಳಿಸುತ್ತದೆ. ೩,೫೦೦ ವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ಎಂದರೆ ದಿನಕ್ಕೆ ೮೪ ಯೂನಿಟ್. ನಮ್ಮಲ್ಲಿ ಎಷ್ಟೋ ಸಂಸಾರಗಳಿಗೆ ತಿಂಗಳಿಗೆ ಅಷ್ಟು ಸಾಕು! ಇಂಥ ಯಂತ್ರಗಳು ಸಾಲುಸಾಲಾಗಿ ನಿಂತಿರುವ ಮಹಾಶಾಲೆಗಳ ಎದುರು ಮನೆಯ ಮೇಜಿನ ಕಂಪ್ಯೂಟರ್ ಬಿಟ್‌ಕಾಯಿನ್ ಗೆಲ್ಲುತ್ತದೆಂಬ ಮಾತನ್ನು ಇಲ್ಲಿಗೇ ಬಿಡಬಹುದು.

ಬಿಟ್‌ಕಾಯಿನ್ ಇಲ್ಲದಿದ್ದರೆ ಇನ್ನೊಂದು ಎಂದು ಹುಡುಗರು ಹೇಳುವುದುಂಟು. ಗ್ರಾಫಿಕ್ಸ್ ಕಾರ್ಡುಗಳಿಗೆ ಬಹುಕಾಲ ಆಶ್ರಯ ಕೊಟ್ಟದ್ದು ೨೦೧೫ರಲ್ಲಿ ಆರಂಭವಾದ ಎಥೀರಿಯಮ್. ಆದರೆ ೨೦೨೨ರ ಸೆಪ್ಟೆಂಬರ್ ೧೫ರಂದು ಅದು ತನ್ನ ಪದ್ಧತಿಯನ್ನೇ ಬದಲಿಸಿ, ಗಣಿಗಾರಿಕೆಯನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟಿತು. ಲಕ್ಷಾಂತರ ಕಾರ್ಡುಗಳು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡವು. ಅದೇ ವರ್ಷದ ಆರಂಭದಲ್ಲಿ ಸಾಲ ಮಾಡಿ ಕಾರ್ಡು ಕೊಂಡವನ ಗತಿಯೇನಾಗಿರಬೇಕು, ಯೋಚಿಸಿ. ಹೊಲಕ್ಕೆ ಬಿತ್ತಿದ ಮೇಲೆ ಹೊಲವೇ ಮಾಯವಾದ ಹಾಗೆ.

ಸಾಧಾರಣ ಕಂಪ್ಯೂಟರಿಗೆ ಈಗಲೂ ಎಡೆಕೊಟ್ಟಿರುವ ನಾಣ್ಯಗಳಲ್ಲಿ ಮೊನೆರೊ ಮುಖ್ಯವಾದುದು. ೨೦೧೯ರ ನವೆಂಬರಿನಿಂದ ಅದು ರ್‍ಯಾಂಡಮ್‌ಎಕ್ಸ್ ಎಂಬ ಸೂತ್ರವನ್ನು ಅನುಸರಿಸುತ್ತಿದೆ. ವಿಶೇಷ ಯಂತ್ರಗಳಿಗೆ ಅನುಕೂಲವಾಗದಂತೆ, ಮನೆಯ ಪ್ರಾಸೆಸರಿಗೆ ಒಗ್ಗುವಂತೆ ಅದನ್ನು ರಚಿಸಿದ್ದಾರೆ. ಆದಕಾರಣ ನಮ್ಮ ಕಂಪ್ಯೂಟರನ್ನು ಅದಕ್ಕೆ ತಕ್ಕಂತೆ ಜೋಡಿಸೋಣ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗಗಳೆಲ್ಲ ಸಿಗುತ್ತವೆ. ಆರು ಕೋರುಗಳ ಒಂದು ಪ್ರಾಸೆಸರ್ ಬೇಕು. ಅದರ ಒಳಗೇ ಇರುವ ‘ಎಲ್ ೩ ಕ್ಯಾಶ್’ ಎಂಬ ಜ್ಞಾಪಕಶಕ್ತಿ ದೊಡ್ಡದಿರಬೇಕು. ಏಕೆಂದರೆ ಈ ಸೂತ್ರಕ್ಕೆ ಒಂದೊಂದು ಎಳೆಗೂ ೨ ಮೆಗಾಬೈಟ್ ಕ್ಯಾಶ್ ಬೇಕಾಗುತ್ತದೆ. ರ್‍ಯಾಮ್ ಒಂದೇ ಪಟ್ಟಿಯಲ್ಲಿ ೧೬ ಜಿ.ಬಿ. ಕೊಳ್ಳುವ ಬದಲು ೮ ಜಿ.ಬಿ.ಯ ಎರಡು ಪಟ್ಟಿಗಳನ್ನು ಹಾಕಿದರೆ ವೇಗ ಹೆಚ್ಚು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ. ಚಿತ್ರ ಮೂಡಿಸುವ ಶಕ್ತಿ ತನ್ನಲ್ಲೇ ಇರುವ ಪ್ರಾಸೆಸರ್ ಆರಿಸಿದರೆ ಓದಿನ ಕೆಲಸಕ್ಕೆ ಸಾಕು. ಎಲ್ಲಿ ಉಳಿಸಿದರೂ ಎಸ್‌ಎಂಪಿಎಸ್ ಎನ್ನುವ ವಿದ್ಯುತ್ ಪೆಟ್ಟಿಗೆಯಲ್ಲಿ ಉಳಿಸಬೇಡಿ. ಅಗ್ಗದ ಪೆಟ್ಟಿಗೆ ಗೋಡೆಯಿಂದ ಹೆಚ್ಚು ಎಳೆದು, ಒಳಗೆ ಕಡಿಮೆ ಕೊಟ್ಟು, ಉಳಿದುದನ್ನು ಶಾಖಮಾಡಿ ಚೆಲ್ಲುತ್ತದೆ. ಕೆಟ್ಟರೆ ಉಳಿದ ಭಾಗಗಳನ್ನೂ ಕೆಡಿಸಬಲ್ಲದು. ‘೮೦ ಪ್ಲಸ್’ ಮುದ್ರೆಯಿರುವುದನ್ನು ತನ್ನಿ. ಗಾಳಿ ಆಡುವ ಕ್ಯಾಬಿನೆಟ್ ಇರಲಿ, ಮನೆಯ ಅರ್ಥಿಂಗ್ ಸರಿಯಿರಲಿ. ಹಗಲು ರಾತ್ರಿ ದುಡಿಯುವ ಕಂಪ್ಯೂಟರ್ ನುಂಗಿದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಕೋಣೆಗೆ ಬರುತ್ತದೆ. ಬಳ್ಳಾರಿ, ರಾಯಚೂರುಗಳ ಬೇಸಗೆಯಲ್ಲಿ ಇದು ಸಣ್ಣ ಮಾತಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊನೆರೊದಲ್ಲಿ ಎರಡು ನಿಮಿಷಕ್ಕೊಂದು ಪುಟ, ಪುಟಕ್ಕೆ ೦.೬ ನಾಣ್ಯ. ದಿನಕ್ಕೆ ೭೨೦ ಪುಟ, ೪೩೨ ನಾಣ್ಯ; ತಿಂಗಳಿಗೆ ೧೨,೯೬೦ ನಾಣ್ಯ. ಇಡೀ ಪ್ರಪಂಚಕ್ಕೆ ಇಷ್ಟೇ ಪಾಯಸ. ಪ್ರಪಂಚದ ಕಂಪ್ಯೂಟರುಗಳೆಲ್ಲ ಸೇರಿ ಸೆಕೆಂಡಿಗೆ ಐನೂರು ಕೋಟಿ ಸಲ ದಾಳ ಉರುಳಿಸುತ್ತಿವೆ ಎಂದಿಟ್ಟುಕೊಳ್ಳಿ. ನಿಮ್ಮದು ಎಂಟು ಸಾವಿರ ಸಲ ಉರುಳಿಸಲಿ. ಅಲ್ಲಿಗೆ ನಿಮ್ಮ ಪಾಲು ಆರೂಕಾಲು ಲಕ್ಷದಲ್ಲಿ ಒಂದು. ಒಬ್ಬೊಬ್ಬರೇ ಕಾದರೆ ವರ್ಷಗಟ್ಟಲೆ ಗರ ಬೀಳದಿರಬಹುದಾದ್ದರಿಂದ, ‘ಪೂಲ್’ ಎಂಬ ಕೂಟ ಸೇರಿ ಪಾಲು ಹಂಚಿಕೊಳ್ಳುವುದು ವಾಡಿಕೆ. ಹಾಗೆ ತಿಂಗಳಿಗೆ ಬರುವುದು ೦.೦೨೦೭ ನಾಣ್ಯ. ನಾಣ್ಯವೊಂದಕ್ಕೆ ೩೦,೦೦೦ ರೂಪಾಯಿ ಎಂದು ಹಿಡಿದರೆ ಆದಾಯ ೬೨೨ ರೂಪಾಯಿ.

ಇನ್ನು ಖರ್ಚು. ಕಂಪ್ಯೂಟರ್ ಗೋಡೆಯಿಂದ ೧೨೦ ವ್ಯಾಟ್ ಎಳೆದರೆ, ತಿಂಗಳಿಗೆ ೮೬ ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ ೬ ರೂಪಾಯಿಯಂತೆ ೫೧೮ ರೂಪಾಯಿ. ಉಳಿದದ್ದು ೧೦೪ ರೂಪಾಯಿ. “ನೋಡಿದಿರಾ, ಲಾಭ!” ಎಂದು ಮಗ ಇಲ್ಲಿಗೆ ಪೆನ್ಸಿಲ್ ಕೆಳಗಿಡುತ್ತಾನೆ. ತಂದೆಯಾದವನು ಅದನ್ನು ಕೈಗೆತ್ತಿಕೊಳ್ಳಬೇಕಾದ್ದು ಇಲ್ಲಿಂದಲೇ.

ಮೊದಲನೆಯದು ತೆರಿಗೆ. ನಮ್ಮ ದೇಶದಲ್ಲಿ ೨೦೨೨ರ ಏಪ್ರಿಲ್ ೧ರಿಂದ ಇಂಥ ಆಸ್ತಿಯನ್ನು ಮಾರಿ ಬಂದ ಆದಾಯಕ್ಕೆ ನೂರಕ್ಕೆ ೩೦ರ ತೆರಿಗೆ, ಅದರ ಮೇಲೆ ೪ರ ಉಪಕರ. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಗಣಿಗಾರಿಕೆಯ ಸಲಕರಣೆಗಳ ವೆಚ್ಚವನ್ನು ಕೊಂಡ ಬೆಲೆಯೆಂದು ಪರಿಗಣಿಸುವುದಿಲ್ಲವೆಂದು ಅದೇ ವರ್ಷದ ಮಾರ್ಚಿಯಲ್ಲಿ ಹಣಕಾಸು ಸಚಿವಾಲಯ ಲೋಕಸಭೆಗೆ ತಿಳಿಸಿತು. ಆದುದರಿಂದ ತೆರಿಗೆ ಬೀಳುವುದು ೧೦೪ ರೂಪಾಯಿಯ ಮೇಲಲ್ಲ, ೬೨೨ರ ಮೇಲೆ. ಅದು ೧೯೪ ರೂಪಾಯಿ. ಲಾಭವಿದ್ದ ಕಡೆ ೯೦ ರೂಪಾಯಿ ನಷ್ಟ ನಿಂತಿತು.

ಎರಡನೆಯದು ಗೃಹಜ್ಯೋತಿ. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಯೋಜನೆಯಂತೆ ಮನೆಯ ಬಳಕೆ ತಿಂಗಳಿಗೆ ೨೦೦ ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ತೆರಬೇಕು. ೧೫೦ ಯೂನಿಟ್ ಬಳಸಿ, ಅದು ತನ್ನ ಪಾಲಿನ ಮಿತಿಯೊಳಗೇ ಇದ್ದು, ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯೊಂದನ್ನು ಭಾವಿಸಿಕೊಳ್ಳಿ. ಕಂಪ್ಯೂಟರಿನ ೮೬ ಸೇರಿದರೆ ೨೩೬. ಆರು ರೂಪಾಯಿಯಂತೆ ೧,೪೧೬ ರೂಪಾಯಿ, ನಿಗದಿತ ಶುಲ್ಕ ಬೇರೆ. ಆರುನೂರು ಚಿಲ್ಲರೆ ಗಳಿಸಲು ಹೋಗಿ, ತೆರಿಗೆಯೂ ಸೇರಿ, ತಿಂಗಳಿಗೆ ಸುಮಾರು ಸಾವಿರ ರೂಪಾಯಿ ಕೈಬಿಟ್ಟಂತಾಯಿತು. ಇದನ್ನೇ ನಮ್ಮ ಹಿರಿಯರು ಬೆಟ್ಟ ಅಗೆದು ಇಲಿ ಹಿಡಿದರು ಎಂದದ್ದು. ಕಂಪ್ಯೂಟರಿನ ನಲವತ್ತೈದು ಸಾವಿರವನ್ನಾಗಲಿ, ಅದರ ಸವೆತವನ್ನಾಗಲಿ ನಾವು ಇನ್ನೂ ಮುಟ್ಟಿಯೇ ಇಲ್ಲ!

ನಾಣ್ಯದ ಬೆಲೆ ನಾಳೆ ಏರಬಹುದಲ್ಲ ಎಂಬ ಪ್ರಶ್ನೆ ಉಳಿಯಿತು. ಏರಬಹುದು; ಇಳಿಯಲೂಬಹುದು. ೨೦೨೧ರ ನವೆಂಬರಿನಲ್ಲಿ ೬೮,೦೦೦ ಡಾಲರು ದಾಟಿದ್ದ ಬಿಟ್‌ಕಾಯಿನ್ ಮರುವರ್ಷದ ನವೆಂಬರಿನಲ್ಲಿ ೧೬,೦೦೦ಕ್ಕಿಂತ ಕೆಳಗೆ ಬಿದ್ದಿತ್ತು. ಏರಿದಾಗಲೂ ಆಸೆಯಿಂದ ಹೊಸ ಕಂಪ್ಯೂಟರುಗಳು ಬಂದು ಪಂಕ್ತಿಗೆ ಕೂರುತ್ತವೆ. ನಿಮ್ಮ ಪಾಲು ಕಿರಿದಾಗುತ್ತದೆ.

ನಿಜವಾದ ಗಣಿಯೂ ಇದೇ ಪಾಠವನ್ನು ಕಲಿಸುತ್ತದೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಮೂರು ಕಿಲೋಮೀಟರಿಗೂ ಮೀರಿ ಆಳಕ್ಕಿಳಿದ ಆ ಗಣಿಯನ್ನು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದರು. ಚಿನ್ನ ಪೂರ್ತಿ ಮುಗಿದುಹೋಯಿತೆಂದಲ್ಲ. ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತೆಂದು. ಹೊನ್ನಿದ್ದರೆ ಸಾಲದು, ಲೆಕ್ಕ ಕೂಡಬೇಕು.

ಹಾಗಾದರೆ ಮಗನಿಗೆ ಏನು ಹೇಳಬೇಕು? ಕಂಪ್ಯೂಟರ್ ಬೇಡವೆನ್ನಬೇಡಿ. ಓದಿಗೆ ಅದು ಬೇಕಾಗಿದ್ದು, ಕೊಡುವ ಶಕ್ತಿ ನಿಮಗಿದ್ದರೆ, ಕೊಡಿಸಿ. ಭಾಗಗಳನ್ನು ಆರಿಸಿ, ಬೆಲೆ ವಿಚಾರಿಸಿ, ತನ್ನ ಕೈಯಾರೆ ಜೋಡಿಸುವುದರಲ್ಲಿ ಯಾವ ಪುಸ್ತಕವೂ ಕಲಿಸದ ವಿದ್ಯೆಯಿದೆ. ಆದರೆ ಅದು ಓದಿನ ಖರ್ಚು. ಗಳಿಕೆಯ ಬಂಡವಾಳವಲ್ಲ ಎಂಬುದನ್ನು ಇಬ್ಬರೂ ಒಪ್ಪಿಕೊಂಡಿರಿ. ಗಣಿಯ ಕುತೂಹಲ ತಣಿಯದಿದ್ದರೆ ಒಂದು ವಾರ ಓಡಿಸಿ ನೋಡಲಿ. ಮೊದಲ ದಿನವೂ ಕಡೆಯ ದಿನವೂ ಮೀಟರಿನ ಅಂಕಿಯನ್ನು ಬರೆದಿಡಲಿ. ಮೇಲೆ ನಾನು ಹಿಡಿದ ನಾಲ್ಕು ಅಂಕಿಗಳ, ಎಂದರೆ ಪ್ರಪಂಚದ ಒಟ್ಟು ವೇಗ, ತನ್ನ ವೇಗ, ನಾಣ್ಯದ ಬೆಲೆ, ಯೂನಿಟ್ಟಿನ ದರ ಇವುಗಳ ಜಾಗದಲ್ಲಿ ಅಂದಿನ ಅಂಕಿಗಳನ್ನು ಹಾಕಿ ತಾನೇ ಗುಣಿಸಲಿ. ಹೇಳಿ ಕಲಿಸಿದ್ದಕ್ಕಿಂತ ಆ ಉತ್ತರ ಚೆನ್ನಾಗಿ ನಾಟುತ್ತದೆ.

ಮೂರು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ. ಇದಕ್ಕಾಗಿ ಸಾಲ ಕೂಡದು. ಒಡವೆ ಅಡವು ಕೂಡದು. “ನೀವು ಹಣ ಕಟ್ಟಿ, ನಿಮ್ಮ ಪರವಾಗಿ ನಾವು ಗಣಿ ತೆಗೆದು ದಿನದಿನವೂ ಲಾಭ ಕೊಡುತ್ತೇವೆ” ಎಂದು ಮೊಬೈಲಿನಲ್ಲಿ ಕರೆಯುವವರ ಬಾಗಿಲಿಗೆ ಹೋಗಕೂಡದು. ನಿಜವಾಗಿ ಲಾಭ ಕೊಡುವ ಯಂತ್ರ ಅವರ ಬಳಿಯಿದ್ದಿದ್ದರೆ, ನಿಮ್ಮ ಹಣ ಅವರಿಗೇಕೆ ಬೇಕಾಗುತ್ತಿತ್ತು? ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಲ್ಲ ಹುಡುಗ ಗಣಿಯಲ್ಲಿ ಏನನ್ನೂ ಗಳಿಸದಿದ್ದರೂ, ಮನೆಯ ಗಂಟನ್ನು ಉಳಿಸುತ್ತಾನೆ.