ಅಂಕಗಳ ಪಟ್ಟಿಯನ್ನು ಓದುವ ಬಗೆ
(ಹೆಗ್ಗದ್ದೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನುದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಫಲಿತಾಂಶದ ಪಟ್ಟಿ ಕೈಗೆ ಬಂದೊಡನೆ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ನೋಡುವುದು ನಮ್ಮೆಲ್ಲರ ಅಭ್ಯಾಸ. ಕೊನೆಯ ಶಾಲೆಯ ಬಗ್ಗೆ ತೀರ್ಪು ನೀಡುವ ಮುನ್ನ ಆ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಬೇಕೆಂಬುದು ನನ್ನ ವಿನಂತಿ. 8 ಮಕ್ಕಳ ತರಗತಿಯಲ್ಲಿ ಒಂದು ಮಗು ನಿಗದಿತ ಕಲಿಕಾಮಟ್ಟ ತಲುಪದಿದ್ದರೆ ಫಲಿತಾಂಶ ಶೇಕಡ 12.5ರಷ್ಟು ಇಳಿಯುತ್ತದೆ, 40 ಮಕ್ಕಳ ಪಟ್ಟಣದ ತರಗತಿಯಲ್ಲಿ ಇಳಿಯುವುದು ಶೇಕಡ 2.5 ಮಾತ್ರ.

ಇದಕ್ಕಿಂತ ಮುಖ್ಯವಾದುದು ಶಿಕ್ಷಕರ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಆರರಿಂದ ಎಂಟನೇ ತರಗತಿಗಳಿಗೆ 35 ಮಕ್ಕಳಿಗೊಬ್ಬ ಶಿಕ್ಷಕರೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ತರಗತಿಗೆ ಒಬ್ಬರಾದರೂ ಇರಬೇಕು. ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬರಿರಬೇಕು ಎಂದೂ ವಿಧಿಸುತ್ತದೆ. ಪೂರ್ಣಾವಧಿ ಮುಖ್ಯಶಿಕ್ಷಕರನ್ನು ಮಾತ್ರ ಅದು ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿಗೆ ಹೇಳಿದೆ. ಹೀಗಾಗಿ ಸಣ್ಣ ಶಾಲೆಯಲ್ಲಿ ಪಾಠ ಮಾಡುವವರೇ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು, ತಾಲ್ಲೂಕಿನ ಸಭೆಗೂ ಹೋಗಬೇಕು. ಅಂದಿನ ಗಣಿತ ಪಾಠ ಅಂದಿಗೆ ಮುಗಿಯಿತು.

ಮಲೆನಾಡಿನ ಕಷ್ಟಗಳಿಗಂತೂ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದ ದಿನ, ಆನೆ ಇಳಿದಿದೆಯೆಂಬ ಸುದ್ದಿ ಬಂದ ದಿನ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಕಾಫಿ ಕೊಯ್ಲಿಗೆಂದು ಲೈನ್ ಮನೆಗಳಿಗೆ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರಿ, ಪರೀಕ್ಷೆಗೆ ಮುನ್ನವೇ ಹೊರಟುಹೋಗುವುದೂ ಉಂಟು.

ಹಾಗೆಂದು ಹೊಣೆಯನ್ನೆಲ್ಲ ಮಳೆಯ ಮೇಲೆ ಹೊರಿಸಲಾಗದು. ಅದೇ ಮಳೆ, ಅಷ್ಟೇ ಶಿಕ್ಷಕರಿರುವ ಎರಡು ಶಾಲೆಗಳಲ್ಲಿ ಒಂದರ ಮಕ್ಕಳು ಸರಾಗವಾಗಿ ಓದಿ, ಇನ್ನೊಂದರವರು ತಡವರಿಸಿದರೆ ಕಾರಣ ಕೇಳಲೇಬೇಕು. ಹೋಲಿಕೆ ನ್ಯಾಯವೆನಿಸುವುದು ಇಂತಹ ಶಾಲೆಗಳ ನಡುವೆ. ಸಮವಲ್ಲದ್ದನ್ನು ಹೋಲಿಸಿ 'ಹಿಂದುಳಿದ ಶಾಲೆ' ಎಂದು ಹೆಸರಿಟ್ಟರೆ ಪೋಷಕರು ಮಕ್ಕಳನ್ನು ಪಟ್ಟಣದ ವ್ಯಾನು ಹತ್ತಿಸುತ್ತಾರೆ. ದಾಖಲಾತಿ ಕುಸಿದಾಗ ಇದ್ದ ಶಿಕ್ಷಕರೂ 'ಹೆಚ್ಚುವರಿ'ಯಾಗಿ ವರ್ಗವಾಗುತ್ತಾರೆ. ಉಳಿಯುವುದು ವ್ಯಾನಿನ ಬಾಡಿಗೆ ಕೊಡಲಾರದವರ ಮಕ್ಕಳು.

ಆದ್ದರಿಂದ ಮುಂದಿನ ಮಕ್ಕಳ ಗ್ರಾಮಸಭೆಗೆ ಮುನ್ನ ತಾವು ತಮ್ಮ ವಾರ್ಡಿನ ಶಾಲೆಯ ಎಸ್‌ಡಿಎಂಸಿಯೊಡನೆ ಕುಳಿತು, ಅಂಕಗಳ ಪಕ್ಕದಲ್ಲಿ ವಿಷಯವಾರು ಶಿಕ್ಷಕರ ಸಂಖ್ಯೆ, ನಡೆದ ಶಾಲಾ ದಿನಗಳು, ನಡುವೆ ಸೇರಿದ ಮತ್ತು ಬಿಟ್ಟುಹೋದ ಮಕ್ಕಳು, ಬಳಕೆಯಲ್ಲಿರುವ ಶೌಚಾಲಯ ಇಷ್ಟನ್ನು ಬರೆಸಬೇಕು. ಶೌಚಾಲಯ, ಕಾಂಪೌಂಡುಗಳ ಕೊರತೆಯನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿರಿ. ಗಣಿತ ಶಿಕ್ಷಕರಿಲ್ಲದಿದ್ದರೆ ಆ ಪಟ್ಟಿಯನ್ನೇ ಲಗತ್ತಿಸಿ, ಸಾಮಾನ್ಯ ಸಭೆಯ ನಿರ್ಣಯದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿರಿ.